ತೋಟಿ ಬಯ್ಯಪ್ಪನ ಬಾಗಿಲಿಗೆ ಬಂದ ಸುದ್ದಿ

ನನ್ನ ಅಣ್ಣ ಸತ್ತದ್ದು ಊರಿಗೆಲ್ಲ ಗೊತ್ತಾದ ಮೇಲೆ ನಮಗೆ ಗೊತ್ತಾಯಿತು. ಅದೂ ಯಾರೋ ಬಂದು ಹೇಳಿದ್ದಲ್ಲ. ನಾನು ಶಿಡ್ಲಘಟ್ಟದಲ್ಲಿ ಅಮಾನುಲ್ಲಾ ಸಾಹೇಬರ ರೇಷ್ಮೆ ಕಾರ್ಖಾನೆಯಲ್ಲಿ ಎರಡೂ ಕೈ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಬೆಂದ ಗೂಡಿನ ಎಳೆ ಹುಡುಕಿ ಚಕ್ರಕ್ಕೆ ಕೊಡುವುದು ನನ್ನ ಕೆಲಸ. ಬೆರಳ ತುದಿಯೆಲ್ಲ ಬೆಳ್ಳಗೆ ಬಿರಿದುಹೋಗಿದೆ. ಊಟಕ್ಕೆ ಕೂತಾಗ ಉಪ್ಪು ತಾಗಿದರೆ ಜೀವ ಹೋಗುತ್ತದೆ. ಪಕ್ಕದ ತೊಟ್ಟಿಯ ಆಸ್ಮಾ ಊಟದ ಹೊತ್ತಿಗೆ ಫೋನು ತೆಗೆದಳು. ಫೋನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋನು ನೋಡಿದಳು.

"ತನುಜಾ, ಮಿಲಿಟ್ರೀಲಿ ಇರೋ ನಿಮ್ಮಣ್ಣನ ಹೆಸರು ಏನೇ?"

"ಸುನೀಲ. ಯಾಕೇ?"

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. ನಾನು ಕಿತ್ತುಕೊಂಡೆ. ಯಾರದೋ ಸ್ಟೇಟಸ್ಸು. ಯೂನಿಫಾರ್ಮಿನಲ್ಲಿ ನನ್ನ ಅಣ್ಣ. ಸುತ್ತ ಬಾವುಟ, ಕೆಳಗೆ ಉರಿಯುವ ಮೇಣದ ಬತ್ತಿ, ಹಿಂದೆ ಹಾಡು. ಗಡಿಯಲ್ಲಿ ಶೆಲ್ ಬಿದ್ದು ಹುತಾತ್ಮನಾದ ನಮ್ಮೂರ ಹೆಮ್ಮೆಯ ವೀರಪುತ್ರ. ಮೇಲಿನ ಮೂಲೆಯಲ್ಲಿ ನಮ್ಮೂರ ಪಂಚಾಯ್ತಿ ಅಧ್ಯಕ್ಷ ಮೋಹನ್‌ಬಾಬು ಕೈ ಮುಗಿದುಕೊಂಡು ನಿಂತಿದ್ದ. ಅಣ್ಣನ ಮುಖಕ್ಕಿಂತ ಅವನ ಕೈಯೇ ದೊಡ್ಡದಾಗಿತ್ತು.

ಅಪ್ಪನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಅಮಾನುಲ್ಲಾ ಸಾಹೇಬರು ಏನೂ ಕೇಳದೆ ಬೈಕ್ ತೆಗೆದರು. ಸಾದಲಿ ದಾಟಿ, ದೊಡ್ಡ ರಸ್ತೆಯಿಂದ ನಮ್ಮೂರಿಗೆ ತಿರುಗುವ ಗೇಟಿನವರೆಗೂ ಕರೆತಂದರು. ಇಳಿಸುವಾಗ "ಅಪ್ಪನ್ನ ಗಟ್ಟಿಯಾಗಿ ಹಿಡ್ಕೋ ಅಮ್ಮಾ" ಅಂದರು. ಅವರ ಕಣ್ಣು ಕೆಂಪಾಗಿತ್ತು.

ಗೇಟಿನಲ್ಲಿ ಪಂಚಾಯ್ತಿಯ ನೀರು ಬಿಡುವ ಮಧುಸೂದನ್ ಏಣಿ ಹತ್ತಿ ಫ್ಲೆಕ್ಸ್ ಕಟ್ಟುತ್ತಿದ್ದ. ನನ್ನನ್ನು ಕಂಡವನೇ ಇಳಿದು ಓಡಿ ಬಂದ.

"ತನುಜಮ್ಮಾ, ನಿಂಗ್ಯಾರು ಹೇಳಿದ್ದು? ನಿಮ್ಮಪ್ಪಂಗೆ ಇನ್ನೂ ಹೇಳಿಲ್ಲ ಕಣಮ್ಮಾ. ನೀನೂ ಹೇಳ್ಬೇಡ. ಬಾಡಿ ಬರೋವರ್ಗೂ ಹೇಳೋದು ಬೇಡ ಅಂತ ಅಧ್ಯಕ್ಷರು ಹೇಳವ್ರೆ. ವಯಸ್ಸಾದೋನು, ಏನಾನಾ ಆಗೋದ್ರೆ? ಕಾಲೋನಿಗೆ ಕೇಬಲ್ಲೂ ಆಫ್ ಮಾಡ್ಸಿದೀವಿ. ನಿಮ್ಮಪ್ಪನ ಫೋನು ಇಗೋ, ನನ್ನತ್ರಾನೇ ಐತೆ. ರೀಚಾರ್ಜ್ ಮಾಡಿಸ್ಕೊಡ್ತೀನಿ ಅಂತ ಇಸ್ಕೊಂಡೆ."

ಎಂಥ ಕಾಳಜಿ ನೋಡಿ. ನಮ್ಮ ಕಾಲೋನಿಗೆ ನೀರು ಬಿಡುವುದು ಮರೆತುಹೋಗುತ್ತದೆ, ಬೀದಿದೀಪ ಮರೆತುಹೋಗುತ್ತದೆ. ಕೇಬಲ್ ಕೀಳುವುದು ಮಾತ್ರ ಮರೆಯಲಿಲ್ಲ.

"ಅಪ್ಪ ಎಲ್ಲವ್ರೆ?"

ಅವನು ನೆಲ ನೋಡಿದ. "ಕೆಲಸಕ್ಕೆ ಹೋಗವ್ರೆ."

"ಯಾವ ಕೆಲಸ?"

ಮಧುಸೂದನ್ ಸ್ಕೂಲಿನ ಕಡೆ ಕೈ ತೋರಿಸಿ ಏಣಿಯ ಹತ್ತಿರಕ್ಕೆ ಹೋದ.

ನನ್ನ ಅಪ್ಪ ಬಯ್ಯಪ್ಪ ಈ ಊರ ತೋಟಿ. ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆಸುವುದು ಅವನನ್ನು. ಸತ್ತವರ ನೆಂಟರ ಊರುಗಳಿಗೆ ಹೋಗಿ ಸುದ್ದಿ ಮುಟ್ಟಿಸಬೇಕು. ಬಂದು ಗುಂಡಿ ತೆಗೆಯಬೇಕು. ಮೊಬೈಲ್ ಬಂದರೂ ಬಿಡಲಿಲ್ಲ. ದೊಡ್ಡವರ ಮನೆಯ ಸಾವನ್ನು ಫೋನಿನಲ್ಲಿ ಹೇಳಿದರೆ ಮರ್ಯಾದೆ ಅಲ್ಲವಂತೆ, ತೋಟಿಯೇ ಹೋಗಿ ಬಾಗಿಲಲ್ಲಿ ನಿಂತು ಹೇಳಬೇಕಂತೆ. ಅಮ್ಮ ಸತ್ತಾಗಲೂ ಅಪ್ಪನೇ ಗುಂಡಿ ತೆಗೆದ, ಬೇರೆ ಯಾರೂ ಇರಲಿಲ್ಲ. ಅಣ್ಣ ಮಿಲಿಟರಿಗೆ ಸೇರಿದ ಮೇಲೆ ಪ್ರತಿ ಸಲ ರಜೆಗೆ ಬಂದಾಗಲೂ ಜಗಳ. "ಬಿಟ್ಬಿಡಪ್ಪಾ, ನಾನು ಕಳಿಸ್ತೀನಲ್ಲ" ಅನ್ನುತ್ತಿದ್ದ. "ಊರಲ್ಲಿ ಇರ್ಬೇಕಲ್ಲಪ್ಪಾ" ಅನ್ನುತ್ತಿದ್ದ ಅಪ್ಪ. ಗುಂಡಿ ತೆಗಿ ಅಂದಾಗ ಯಾರದು ಅಂತ ತೋಟಿ ಕೇಳುವ ಹಾಗಿಲ್ಲ. ಅವರೇ ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಇದು ಕಾನೂನೇನಲ್ಲ. ಕೇಳಿ ಬೈಸಿಕೊಂಡವರ ಮಕ್ಕಳು ಕೇಳುವುದನ್ನು ಬಿಟ್ಟರು, ಅಷ್ಟೆ.

ಓಡಿದೆ. ಸ್ಕೂಲಿನ ಪಕ್ಕ, ಕೆರೆಯ ಏರಿಯ ಕೆಳಗೆ ಸರ್ಕಾರಿ ಜಾಗ. ಅಲ್ಲಿಗೆ ಹೋಗಬೇಕಾದರೆ ಊರ ದೊಡ್ಡ ಮನೆಯ ವೆಂಕಟರಾಮಪ್ಪನವರ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೋಗಬೇಕು. ಅಧ್ಯಕ್ಷ ಮೋಹನ್‌ಬಾಬು ಇದೇ ವೆಂಕಟರಾಮಪ್ಪನವರ ಮಗ. ಅವರ ಮನೆಯಲ್ಲಿ ಜೆಸಿಬಿ ಇದೆ. ಆದರೆ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಹೊತ್ತು, ಸೊಪ್ಪು ಬೇಕು. ಜೆಸಿಬಿ ನುಗ್ಗಿಸಿದರೆ ತೋಟ ಹಾಳಾಗುತ್ತದೆ, ದೂಳು ಕೂತ ಸೊಪ್ಪು ತಿಂದರೆ ಹುಳ ಸಾಯುತ್ತದೆ. ಹುಳ ಸಾಯಬಾರದು. ಅದಕ್ಕೇ ಮುದುಕ ನನ್ನ ಅಪ್ಪನನ್ನು ಕಳಿಸಿದ.

ಅಪ್ಪ ಎದೆಮಟ್ಟದ ಗುಂಡಿಯೊಳಗಿದ್ದ. ಬರೀ ಚಡ್ಡಿ, ತಲೆಗೆ ಟವಲು. ಹಾರೆ ಎತ್ತಿ ಹಾಕುತ್ತಿದ್ದ. ಕೆಳಗೆ ಸುಣ್ಣಕಲ್ಲಿನ ನೆಲ. ಪ್ರತಿ ಏಟಿಗೂ ಹಾರೆ ಟಣ್ ಅಂದು ಹಿಂದಕ್ಕೆ ಚಿಮ್ಮುತ್ತಿತ್ತು. ಭುಜ ನಡುಗುತ್ತಿತ್ತು. ಮಂಕರಿಗೆ ಮಣ್ಣು ತುಂಬಿ ತಲೆಯ ಮೇಲಕ್ಕೆ ಎತ್ತಿ ಹೊರಗೆ ಸುರಿಯುತ್ತಿದ್ದ. ಅರ್ಧ ಮಣ್ಣು ಅವನ ಮೇಲೆಯೇ ಬೀಳುತ್ತಿತ್ತು. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿದ.

"ಏನಮ್ಮಾ, ಇಷ್ಟ್ ಬೇಗ ಬಂದ್ಬಿಟ್ಟೆ?"

"ಅರ್ಧ ದಿನ ರಜ" ಅಂದೆ.

"ಒಳ್ಳೇದಾಯ್ತು, ಆ ನೀರು ಕೊಡು." ಗಟಗಟ ಕುಡಿದ. ಬಾಯಿ ಒರೆಸಿಕೊಂಡು ಗುಟ್ಟು ಹೇಳುವಂತೆ ದನಿ ತಗ್ಗಿಸಿದ. "ಯಾರೋ ಭಾಳ ದೊಡ್ಡೋರು ಕಣಮ್ಮಾ. ಪೆಟ್ಟಿಗೇಲಿ ಬರ್ತಾರಂತೆ. ಅಗಲವಾಗಿ ತೆಗಿ ಬಯ್ಯಪ್ಪಾ ಅಂದ್ರು ದೊಡ್ಡಮನೆ ಅಯ್ಯನೋರು. ಮಿನಿಸ್ಟ್ರು ಬರ್ತಾರಂತೆ. ಅದಕ್ಕೇ ನೋಡು, ಗೋಡೆ ಎಲ್ಲಾ ಹೆಂಗೆ ನೈಸ್ ಮಾಡಿದೀನಿ."

ಕೈಯಿಂದ ಗುಂಡಿಯ ಗೋಡೆ ಸವರಿ ತೋರಿಸಿದ. ನಿಜಕ್ಕೂ ನೈಸಾಗಿತ್ತು.

ನಾನು ಹೇಳಬೇಕಿತ್ತು. ಅಪ್ಪಾ, ಮೇಲೆ ಬಾ, ಇದು ಅಣ್ಣನದು ಅನ್ನಬೇಕಿತ್ತು. ಆದರೆ ಆ ಮುಖದಲ್ಲಿ ಒಂದು ಹೆಮ್ಮೆ ಇತ್ತು, ಕೆಲಸ ಚೆನ್ನಾಗಿ ಆಗಿದೆ ಅನ್ನುವ ಹೆಮ್ಮೆ. ಅದನ್ನು ನಾನೇ ಒಡೆಯಬೇಕಲ್ಲ ಅನ್ನಿಸಿತು. ಅವನು ಮತ್ತೆ ಹಾರೆ ಎತ್ತಿದ. ನಾನು ಮೇಲೆ ನಿಂತು ನೋಡಿದೆ. ನನ್ನ ಅಣ್ಣನ ಗುಂಡಿಯನ್ನು ನನ್ನ ಅಪ್ಪ ತೆಗೆಯುತ್ತಿರುವುದನ್ನು ಗೊತ್ತಿದ್ದೂ ಗೊತ್ತಿದ್ದೂ ನೋಡುತ್ತಾ ನಿಂತೆ. ಮಂಕರಿ ಮೇಲೆ ಬಂದಾಗ ಇಸಿದುಕೊಂಡು ಮಣ್ಣು ಸುರಿದು ಖಾಲಿ ಮಂಕರಿ ವಾಪಸ್ ಕೊಟ್ಟೆ. ಥೂ, ನನ್ನ ಜನ್ಮಕ್ಕೆ. ಊರವರನ್ನು ಏನಂತ ಬೈಯಲಿ? ಅವರ ಹಾಗೆ ನಾನೂ ಹೇಳಲಿಲ್ಲ.

ಹೇಳಿದ್ದು ಮೈಕು.

ಸ್ಕೂಲಿನ ಮೈದಾನದಲ್ಲಿ ಶಾಮಿಯಾನ ಹಾಕುತ್ತಿದ್ದರು. ಮೈಕಿನವನು ಊದಿದ, ಕೆಮ್ಮಿದ. "ಹಲೋ, ಹಲೋ, ಮೈಕ್ ಟೆಸ್ಟಿಂಗ್. ಒನ್, ಟೂ, ತ್ರೀ. ವೀರಯೋಧ ಸುನೀಲ್ ಅಮರ್ ರಹೇ. ಹಲೋ. ನಮ್ಮೂರ ಬಯ್ಯಪ್ಪನವರ ಮಗ ವೀರಯೋಧ ಸುನೀಲ್ ಅಮರ್ ರಹೇ. ಏಯ್, ಸೌಂಡ್ ಜಾಸ್ತಿ ಕೊಡೋ."

ಹಾರೆ ಮೇಲಕ್ಕೆ ಎದ್ದದ್ದು ಅಲ್ಲೇ ನಿಂತಿತು.

"ಏನಂದ್ರಮ್ಮಾ?"

ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಗುಂಡಿಯ ಈ ಗೋಡೆ ನೋಡಿದ, ಆ ಗೋಡೆ ನೋಡಿದ. ಹಾರೆಯನ್ನು ಸದ್ದಾಗದ ಹಾಗೆ ಮೂಲೆಗೆ ಒರಗಿಸಿದ. ಕೈ ನೀಡಿದ, ಎಳೆದುಕೊಂಡೆ. ಮೇಲೆ ಬಂದವನು ಅಳಲಿಲ್ಲ. ಮೈಯೆಲ್ಲ ಸುಣ್ಣಕಲ್ಲಿನ ಬಿಳೀ ದೂಳು. ನಿಂತೇ ಇದ್ದ.

ಅಷ್ಟರಲ್ಲಿ ಮೋಹನ್‌ಬಾಬು ಬುಲೆಟ್ಟಿನಲ್ಲಿ ಬಂದ. ಮೈಕಿನವನಿಗೆ ಬೈದುಕೊಂಡೇ ಇಳಿದ.

"ಬಯ್ಯಪ್ಪಾ, ತಪ್ಪು ತಿಳ್ಕೋಬೇಡ. ನಿಂಗೆ ಶಾಕ್ ಆಗ್ಬಾರ್ದು ಅಂತ ನಾವೇ ನಿಧಾನಕ್ಕೆ ಹೇಳಣ ಅಂತಿದ್ವಿ. ನಮ್ಮಪ್ಪಂಗೆ ಗೊತ್ತಾಗಿಲ್ಲ, ಯಾವಾಗ್ಲೂ ಇದ್ದಂಗೆ ನಿನ್ನ ಕಳಿಸ್ಬಿಟ್ಟವ್ರೆ. ನಿನ್ನ ಮಗ ದೇಶಕ್ಕೆ ಮಗ ಆಗ್ಬಿಟ್ಟ. ಇಲ್ಲೇ ಸ್ಮಾರಕ ಮಾಡಿಸ್ತೀನಿ, ಸರ್ಕಲ್‌ಗೆ ಅವ್ನ ಹೆಸರೇ ಇಡ್ತೀನಿ."

ಅಪ್ಪ ಬಾಯಿ ತೆರೆದ. ಏನನ್ನುತ್ತಾನೋ ಅಂತ ಕಾದೆ.

"ಇನ್ನೊಂದು ಮೊಳ ಬಾಕಿ ಐತೆ, ಸಾಮಿ" ಅಂದ ಅಪ್ಪ.

ನೆಲಕ್ಕೆ ಇಳಿದುಹೋದೆ. ಮಗ ಸತ್ತ ಗಳಿಗೆಯಲ್ಲೂ ಲೆಕ್ಕ ಒಪ್ಪಿಸುತ್ತಿದ್ದಾನೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಯಾರನ್ನು ಕಂಡರೂ ಮೊದಲು ಕೆಲಸ ಎಷ್ಟು ಆಗಿದೆ, ಎಷ್ಟು ಬಾಕಿ ಇದೆ ಹೇಳಬೇಕು, ಆಮೇಲೆ ಅಳು. ಅಪ್ಪನಿಗಾಗಿ ನಾಚಿಕೆಯಾಯಿತು. ಅಪ್ಪನ ಬಗ್ಗೆ ನಾಚಿಕೆಪಟ್ಟದ್ದಕ್ಕೆ ನನ್ನ ಮೇಲೆಯೇ ಅಸಹ್ಯವಾಯಿತು.

ಮೋಹನ್‌ಬಾಬು ಅಪ್ಪನ ಭುಜ ಮುಟ್ಟಲು ಹೋಗಿ, ದೂಳು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. "ಪರವಾಗಿಲ್ಲ ಬಯ್ಯಪ್ಪಾ. ಸ್ವಲ್ಪ ಸುಧಾರಿಸ್ಕೋ. ಆಮೇಲೆ ಬಂದು ಮಾಡುವಂತೆ."

ಆಮೇಲೆ ಬಂದು ಮಾಡುವಂತೆ! ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಗುಂಡಿ ಬಾಕಿ ಇದ್ದರೆ ಬಯ್ಯಪ್ಪ ಮಾಡಬೇಕು, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಅವನಿಗೆ ಕಾಣಲಿಲ್ಲ.

"ಇಲ್ಲ" ಅಂದ ಅಪ್ಪ. "ನಾ ಮಾಡಲ್ಲ."

ಆ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನಿಗೂ ಹೊಸದಾಗಿತ್ತು ಅಂತ ಕಾಣುತ್ತದೆ. ಹೇಳಿದವನೇ ಮೋಹನ್‌ಬಾಬುವಿನ ಮುಖ ನೋಡದೆ ಬದುವಿನ ಮೇಲೆ ಹೊರಟ. ನಾನು ಅಂಗಿ ಎತ್ತಿಕೊಂಡು ಹಿಂದೆ ಓಡಿದೆ.

ಮಾರನೆಯ ಬೆಳಿಗ್ಗೆ ಜೆಸಿಬಿ ಬಂತು. ತೋಟದೊಳಗೇ ನುಗ್ಗಿತು, ಬೇರೆ ದಾರಿಯಿರಲಿಲ್ಲ. ಬಾಕಿ ಇದ್ದ ಮೊಳವನ್ನು ಒಂದು ಚಣದಲ್ಲಿ ಕೆರೆದು ಹಾಕಿತು. ಅಪ್ಪ ನೈಸ್ ಮಾಡಿದ್ದ ಗೋಡೆ ಕುಸಿಯಿತು ಅಂತ ಕಾಲೋನಿಯ ಹುಡುಗರು ಬಂದು ಹೇಳಿದರು. ಹಾಗಾದರೆ ಜೆಸಿಬಿ ನಿನ್ನೆಯೂ ಬರಬಹುದಿತ್ತು.

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದಿಂದೆಲ್ಲ ಜನ ಬಂದರು. ಬಾವುಟ ಕಟ್ಟಿದ ಬೈಕುಗಳು. ಸ್ಕೂಲು ಮಕ್ಕಳ ಸಾಲು. ಅಣ್ಣನನ್ನು ಹೊತ್ತ ಮಿಲಿಟರಿ ಲಾರಿ ಮೈದಾನಕ್ಕೆ ಬಂತು. ಜನ ಹೂ ಎರಚಿದರು, ಅತ್ತರು. ನಿಜವಾಗಿಯೇ ಅತ್ತರು, ಇಲ್ಲ ಅನ್ನುವುದಿಲ್ಲ. ಊರ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತರು. ಅಣ್ಣ ಬದುಕಿದ್ದಾಗ ಅವರ ಜಗಲಿ ಹತ್ತಿದವನಲ್ಲ. ಹತ್ತಿದ್ದರೆ ಅವರೇ ಮೊದಲು ಕೂಗುತ್ತಿದ್ದರು.

ಅಪ್ಪ ಮನೆಯ ಹೊಸ್ತಿಲ ಮೇಲೆ ಕೂತಿದ್ದ. ಮೈ ತೊಳೆದಿದ್ದೆ, ಒಗೆದ ಪಂಚೆ ಕೊಟ್ಟಿದ್ದೆ. ರಾತ್ರಿಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮೋಹನ್‌ಬಾಬು ಕಾಲೋನಿಯ ನಲ್ಲಿಯ ಹತ್ತಿರ ಬುಲೆಟ್ ನಿಲ್ಲಿಸಿ ಅಲ್ಲಿಂದಲೇ ಕೂಗಿದ.

"ಬಯ್ಯಪ್ಪಾ, ಬಾರಪ್ಪಾ, ಲಾರಿ ಬಂತು. ಮಿನಿಸ್ಟ್ರು ಬಂದವ್ರೆ. ಬಾವುಟ ನಿನ್ನ ಕೈಗೇ ಕೊಡ್ಬೇಕಂತೆ."

"ಯಾರ್ದು ಸಾಮಿ?" ಅಂದ ಅಪ್ಪ.

"ಏನ್ ಹಂಗಂದ್ರೆ?"

"ಯಾರು ತೀರ್ಕೊಂಡವ್ರೆ? ನಂಗೆ ಯಾರೂ ಹೇಳಿಲ್ಲ."

ಮೋಹನ್‌ಬಾಬು ನನ್ನ ಕಡೆ ನೋಡಿದ, ನಿಮ್ಮಪ್ಪನಿಗೆ ತಲೆ ಕೆಟ್ಟಿತಾ ಅನ್ನುವ ಹಾಗೆ. ಅಪ್ಪನ ದನಿ ಏರಲಿಲ್ಲ. ನೆಲ ನೋಡಿಕೊಂಡೇ ಮಾತಾಡಿದ.

"ಈ ಊರ ಸಾವೆಲ್ಲಾ ನಾನೇ ಹೇಳಿರೋದು. ಬಿಸಿಲು ಮಳೆ ಅಂದಿಲ್ಲ. ಮಂಚೇನಹಳ್ಳಿವರ್ಗೂ ನಡ್ಕೊಂಡು ಹೋಗಿದೀನಿ. ಬಾಗಿಲಲ್ಲಿ ನಿಂತು, ಟವಲು ಕಂಕುಳಿಗಿಟ್ಕೊಂಡು, ಹೆಸರ್ ಹಿಡಿದು ಹೇಳಿದೀನಿ. ನಿಮ್ಮ ತಾತನ ಸಾವೂ ನಾನೇ ಹೇಳಿದ್ದು. ನಮ್ಮನೆ ಸಾವು ಮೈಕು ಹೇಳ್ತು. ಅದು ನನಗೆ ಹೇಳಿದ್ದಲ್ಲ, ಸೌಂಡ್ ಬರ್ತದಾ ಅಂತ ನೋಡಿದ್ದು. ಯಾರಾನಾ ಬಾಗಿಲಿಗೆ ಬಂದು ಹೇಳೋವರ್ಗೂ ನನ್ನ ಮಗ ಸತ್ತಿಲ್ಲ. ನಾ ಬರಲ್ಲ. ಬಾವುಟ ಮುಟ್ಟಲ್ಲ. ಮಣ್ಣು ಹಾಕಲ್ಲ."

"ಆಯ್ತಪ್ಪಾ, ನಾನೇ ಹೇಳ್ತಿದೀನಲ್ಲ..."

"ನೀವಲ್ಲ. ನಿಮ್ಮಪ್ಪನೋರು. ಗುಂಡಿ ತೆಗಿ ಅಂದ ಬಾಯೇ ಹೇಳ್ಬೇಕು. ಇಲ್ಲಿಗೆ ಬಂದು ಹೇಳ್ಬೇಕು."

ಮೋಹನ್‌ಬಾಬು ಕೆಂಪಾದ. "ಮಿನಿಸ್ಟ್ರು ಕಾಯ್ತಾವ್ರೆ ಬಯ್ಯಪ್ಪಾ, ಟೀವಿಯೋರೆಲ್ಲಾ ಅವ್ರೆ. ಊರ ಮಾನ ತೆಗೀಬೇಡ" ಅಂದ. ಕಾಲೋನಿಯ ಜನ ಒಬ್ಬೊಬ್ಬರೇ ಬಂದು ನಮ್ಮ ಹಿಂದೆ ನಿಂತರು. ಮೈದಾನದಿಂದ ಘೋಷಣೆ ಕೇಳುತ್ತಿತ್ತು. ಅವನು ಫೋನು ಕಿವಿಗಿಟ್ಟುಕೊಂಡು ಹೋದ.

ನನಗೆ ಭಯವಾಯಿತು. ಅಣ್ಣ ಪೆಟ್ಟಿಗೆಯಲ್ಲಿ ಬಿಸಿಲಲ್ಲಿದ್ದಾನೆ. ಮುದುಕ ಬರದೆ ಹೋದರೆ? ಅಪ್ಪನಿಲ್ಲದೆಯೇ ಮಣ್ಣು ಮಾಡಿ ಮುಗಿಸಿದರೆ? ಅವರಿಗೆ ಎಷ್ಟು ಹೊತ್ತು? "ಅಪ್ಪಾ, ಹೋಗಣ, ಅಣ್ಣನ ಮುಖಾನಾದ್ರೂ..." ಅಂದೆ. ಅಪ್ಪ ನನ್ನ ಕೈ ಹಿಡಿದುಕೊಂಡ, ಏಳಲಿಲ್ಲ.

ವೆಂಕಟರಾಮಪ್ಪ ಬಂದ. ಮಗನ ಬುಲೆಟ್ಟಿನ ಹಿಂದೆ ಕೂತು ನಲ್ಲಿಯವರೆಗೆ ಬಂದು, ಇಳಿದು, ನಿಂತ. ನಲ್ಲಿಯಿಂದ ಈಚೆಗೆ ಆ ಮನುಷ್ಯ ಕಾಲಿಟ್ಟದ್ದನ್ನು ಕಾಲೋನಿಯ ಯಾರೂ ನೋಡಿರಲಿಲ್ಲ. ಬಿಳೀ ಪಂಚೆ, ಹೆಗಲ ಮೇಲೆ ಜರಿ ಟವಲು. ಚರಂಡಿ ದಾಟುವಾಗ ಮಗ ಕೈ ಹಿಡಿದುಕೊಂಡ. ನಮ್ಮ ಬಾಗಿಲ ಮುಂದೆ ಬಂದು ನಿಂತಾಗ ಏದುಸಿರು ಬಿಡುತ್ತಿದ್ದ.

ಅಪ್ಪನ ಮೈ ಎದ್ದು ನಿಲ್ಲಲು ತವಕಿಸುತ್ತಿತ್ತು. ಇಷ್ಟು ವರ್ಷ ಆ ಮನುಷ್ಯನ ಮುಂದೆ ಕೂತದ್ದೇ ಇಲ್ಲ ನೋಡಿ. ನಾನು ಹಿಂದಿನಿಂದ ಭುಜದ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಮಗ ಸತ್ತ ಅಪ್ಪನನ್ನು ಅವನ ಸ್ವಂತ ಹೊಸ್ತಿಲ ಮೇಲೆ ಕೂರಿಸಲು ನಾನು ಬಲ ಹಾಕಬೇಕಾಯಿತು. ಇದಕ್ಕಿಂತ ಅವಮಾನ ಯಾವುದಿದೆ ನಂಗೊತ್ತಿಲ್ಲ.

"ಏಮ್ರಾ ಬಯ್ಯಪ್ಪಾ..." ಅಂದು ಯಾವಾಗಿನಂತೆ ತೆಲುಗಿನಲ್ಲಿ, ಏನೋ ಅನ್ನುವ ಗತ್ತಿನಲ್ಲಿ ಶುರು ಮಾಡಿದವನು ಅಲ್ಲೇ ನಿಲ್ಲಿಸಿದ. ಹೆಗಲ ಮೇಲಿನ ಟವಲನ್ನು ತೆಗೆದ, ಎಲ್ಲಿಡಬೇಕೋ ತಿಳಿಯದೆ ಕೈಯಲ್ಲಿ ಹಿಡಿದ. ಅಪ್ಪ ಸಾವಿರ ಸಲ ಮಾಡಿದ ಕೆಲಸ ಅವನಿಗೆ ಬರುತ್ತಿರಲಿಲ್ಲ.

"ಬಯ್ಯಪ್ಪಾ, ನಿನ್ನ ಮಗ... ಸುನೀಲ... ತೀರ್ಕೊಂಡ್ನಪ್ಪಾ."

ಅಪ್ಪ ಕಿರುಚಿದ. ನನ್ನ ಕೈ ಕೆಳಗೆ ಅವನ ಭುಜ ಒಡೆದುಹೋದಂತಾಯಿತು. ಹಣೆಯನ್ನು ಬಾಗಿಲ ಚೌಕಟ್ಟಿಗೆ ಚಚ್ಚಿಕೊಂಡ. "ಮಗನೇ, ನಿನ್ನ ಗುಂಡಿ ನಾನೇ ತೆಗೆದ್ನಲ್ಲೋ, ನನ್ನ ಕೈಯಾರ ತೆಗೆದ್ನಲ್ಲೋ" ಅಂತ ಕೂಗಿದ. ಕಾಲೋನಿಯೇ ಅವನ ಜೊತೆ ಅತ್ತಿತು. ವೆಂಕಟರಾಮಪ್ಪ ನಿಂತೇ ಇದ್ದ. ಕೂರಿ ಅಂತ ಯಾರೂ ಅನ್ನಲಿಲ್ಲ. ಅನ್ನಬಾರದು ಅಂತ ಅಲ್ಲ, ಅವರು ನಮ್ಮಲ್ಲಿ ಕೂರುವ ವಿಷಯ ಯಾರ ತಲೆಗೂ ಬರಲಿಲ್ಲ.

ಅತ್ತು ಅತ್ತು ಸುಧಾರಿಸಿಕೊಂಡು ಅಪ್ಪ ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ತನುಜಮ್ಮಾ, ರಾಗಿ ತಗೊಂಬಾ."

ನನಗೆ ಅರ್ಥವಾಗಲಿಲ್ಲ. ವೆಂಕಟರಾಮಪ್ಪನಿಗೆ ತಟ್ಟನೆ ಅರ್ಥವಾಯಿತು. ಕೈಯಲ್ಲಿದ್ದ ಟವಲನ್ನು ಮುದುರಿಕೊಂಡ.

ಸಾವಿನ ಸುದ್ದಿ ತಂದವನನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಈ ಕಡೆಯ ಪದ್ಧತಿ. ಅಪ್ಪ ಸುದ್ದಿ ಹೇಳಿ ಅಂಗಳದಲ್ಲಿ ಟವಲು ಒಡ್ಡಿ ನಿಲ್ಲುತ್ತಿದ್ದ. ಮನೆಯವರು ಜಗಲಿಯ ಮೇಲೆ ನಿಂತು ಮೊರದಿಂದ ರಾಗಿ ಸುರಿಯುತ್ತಿದ್ದರು. ಮೇಲಿಂದ ಸುರಿಯುತ್ತಿದ್ದರು, ಟವಲು ಮೊರಕ್ಕೆ ತಾಗಬಾರದು.

"ಬೇಡ ಬಯ್ಯಪ್ಪಾ" ಅಂದ ಮುದುಕ. "ಅದೆಲ್ಲಾ ಬೇಡಪ್ಪಾ."

"ಹಂಗನ್ಬಾರ್ದು ಸಾಮಿ. ಪದ್ಧತಿ. ಸತ್ತೋನಿಗೆ ಒಳ್ಳೇದಾಗಲ್ಲ."

ಅಪ್ಪ ಕುಹಕಕ್ಕೆ ಹೇಳುತ್ತಿರಲಿಲ್ಲ. ಅವನ ಮುಖ ನೋಡಿ ಹೇಳುತ್ತಿದ್ದೇನೆ, ಒಂದು ಚೂರೂ ಕುಹಕವಿರಲಿಲ್ಲ. ಮಗನಿಗೆ ಕಡಿಮೆಯಾಗಬಾರದು ಅಂತಿದ್ದ, ಅಷ್ಟೆ. ಕುಹಕವೆಲ್ಲ ನನ್ನೊಳಗಿತ್ತು. ಒಳಗೆ ಹೋಗಿ ಮೊರದ ತುಂಬ ರಾಗಿ ತುಂಬಿಕೊಂಡು ಬಂದೆ. ಹೊಸ್ತಿಲ ಮೇಲೆ ನಿಂತೆ.

ಮೋಹನ್‌ಬಾಬು "ಅಪ್ಪಾ, ಬನ್ನಿ ಹೋಗಣ" ಅಂದು ತೋಳು ಎಳೆದ. ಮುದುಕ ತೋಳು ಬಿಡಿಸಿಕೊಂಡ. ಯಾಕೆ ಬಿಡಿಸಿಕೊಂಡನೋ ಇವತ್ತಿಗೂ ನನಗೆ ಗೊತ್ತಿಲ್ಲ. ಜರಿ ಟವಲನ್ನು ಎರಡೂ ಕೈಯಲ್ಲಿ ಅಗಲ ಮಾಡಿ ನನ್ನ ಮುಂದೆ ಒಡ್ಡಿದ. ಬಗ್ಗಿದ ನೆತ್ತಿಯ ಮೇಲೆ ನಾಲ್ಕು ಬಿಳೀ ಕೂದಲು ಕಂಡಿತು. ನನ್ನ ಅಪ್ಪನ ವಯಸ್ಸೇ ಇರಬೇಕು. ಮೈದಾನದಲ್ಲಿ ಸುನೀಲ್ ಅಮರ್ ರಹೇ ಅನ್ನುತ್ತಿದ್ದರು.

ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಟವಲು ಒಡ್ಡಿ ನಿಂತ ಮನುಷ್ಯ ಯಾರಾದರೇನು, ನೋಡಲಿಕ್ಕೆ ಆಗುವುದಿಲ್ಲ. ಇಷ್ಟೆಲ್ಲ ಮನೆಗಳವರು ನನ್ನ ಅಪ್ಪನನ್ನು ಹೀಗೆ ನೋಡಿಕೊಂಡು ಹೇಗೆ ನಿಂತಿದ್ದರೋ. ನನಗೆ ನಾಚಿಕೆಯಾಯಿತು. ಆದರೂ ಮೊರವನ್ನು ಟವಲಿಗೆ ತಾಗದ ಹಾಗೆ ಎದೆಮಟ್ಟಕ್ಕೆ ಎತ್ತಿ ಹಿಡಿದು, ಖಾಲಿಯಾಗುವವರೆಗೂ ಸುರಿದೆ.